ಅಜ್ಜಿ ಮನೆಯೇ ಬೇಸಿಗೆ ಶಿಬಿರ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಜಂಟಿ ಸಭೆಯಲ್ಲಿ ಗುಬ್ಬಿ ತಾಲ್ಲೂಕಿನ ಸದಸ್ಯೆಯೊಬ್ಬರು ಆಡಿದ ಮಾತುಗಳು)



ನನಗೆ ವೇದಿಕೆ ಮೇಲೆ ನಿಂತು ಮಾತಾಡಿ ಅಭ್ಯಾಸ ಇಲ್ಲ. ಸಂಘದ ಸಭೆಯಲ್ಲಿ ಚಾಪೆ ಮೇಲೆ ಕೂತು ನಡಾವಳಿ ಓದಿ ಅಭ್ಯಾಸ. ಆದ್ದರಿಂದ ಇದನ್ನೂ ನಡಾವಳಿ ಓದಿದ ಹಾಗೇ ಹೇಳ್ತೀನಿ. ಏನು ಮಾಡಿದೆವು, ಎಲ್ಲಿ ಎಡವಿದೆವು, ಎಷ್ಟು ಖರ್ಚಾಯ್ತು, ಇಷ್ಟೇ.

2000ದ ಸುಮಾರಿಗೆ ಸರ್ಕಾರ ಸ್ತ್ರೀಶಕ್ತಿ ಸಂಘಗಳನ್ನು ಶುರು ಮಾಡಿತು. ಅದೇ ಕಾಲದಲ್ಲಿ ನಮ್ಮ ಊರಲ್ಲೂ ಸಂಘ ಹುಟ್ಟಿತು. ಆಗ ನಾವು ಸಭೆಗೆ ಬರುತ್ತಿದ್ದದ್ದು ಹೇಗೆ, ಜ್ಞಾಪಕ ಮಾಡಿಕೊಳ್ಳಿ. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ಮಕ್ಕಳು ಅತ್ತರೆ ಲೆಕ್ಕ ತಪ್ಪುತ್ತಿತ್ತು. ಈಗ ಆ ಕೂಸುಗಳಿಗೇ ಕೂಸುಗಳಾಗಿವೆ. ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನ ಅಜ್ಜಿಯರು. ಆದರೆ ಅಜ್ಜಿಯರ ಕಷ್ಟಸುಖ ನಮ್ಮ ನಡಾವಳಿ ಪುಸ್ತಕದಲ್ಲಿ ಎಂದಾದರೂ ಬಂದಿದೆಯಾ? ಸಾಲ ಬಂದಿದೆ, ಹಸು ಬಂದಿದೆ, ಶೌಚಾಲಯ ಬಂದಿದೆ. ಬೇಸಿಗೆ ರಜಾದಲ್ಲಿ ಮೊಮ್ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಅನ್ನೋದು ಬಂದಿಲ್ಲ. ಅದು ಮನೆ ವಿಷಯ ಅಂತ ಬಿಟ್ಟಿದ್ದೇವೆ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿದರೆ ಮತ್ತೆ ತೆರೆಯೋದು ಮೇ ಕೊನೆಗೆ. ಅಷ್ಟು ದಿನ ಮಕ್ಕಳಿಗೆ ರಜಾ, ತಾಯಂದಿರಿಗೆ ರಜಾ ಇಲ್ಲ. ನನ್ನ ಕಿರಿ ಮಗಳು ವಸಂತನರಸಾಪುರದ ಕಾರ್ಖಾನೆಗೆ ಹೋಗ್ತಾಳೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆ ಸೇರೋದು ಕತ್ತಲಾದ ಮೇಲೆ. ಮಗುವನ್ನು ಬಾಡಿಗೆ ಮನೆಯಲ್ಲಿ ಬಿಟ್ಟು, ಬಾಗಿಲು ಹಾಕಿ, ಕೈಗೆ ಮೊಬೈಲ್ ಕೊಟ್ಟು ಹೋಗಬೇಕು. ಇಲ್ಲ ಅಂದರೆ ಕೂಲಿ ಕಳಕೊಳ್ಳಬೇಕು. ಪಟ್ಟಣದಲ್ಲಿ ದುಡ್ಡು ಕಟ್ಟಿ ಕಳಿಸುವ ಬೇಸಿಗೆ ಶಿಬಿರಗಳಿವೆ, ಆದರೆ ಆ ಫೀಸು ನಮ್ಮಂಥವರಿಗೆ ಎಟುಕುವುದಿಲ್ಲ. ಕೊನೆಗೆ ಉಳಿಯೋದು ಅಜ್ಜಿ ಮನೆ.

ಮೊದಲ ವರ್ಷ ಏನಾಯಿತು

2023ರ ಬೇಸಿಗೆಯಲ್ಲಿ ನನ್ನ ಮಗಳ ಮಗು, ಬೆಂಗಳೂರಿನಲ್ಲಿರುವ ಮಗನ ಇಬ್ಬರು ಮಕ್ಕಳು, ಕುಣಿಗಲ್ಲಿನಲ್ಲಿರುವ ವಾರಗಿತ್ತಿಯ ಮೂವರು ಮೊಮ್ಮಕ್ಕಳು, ಒಟ್ಟು ಆರು ಜನ ನಮ್ಮ ಮನೆಗೆ ಬಂದರು. ನನಗೋ ಹಬ್ಬ. ಚಕ್ಕುಲಿ, ನಿಪ್ಪಟ್ಟು ಮಾಡಿ ಡಬ್ಬ ತುಂಬಿಸಿದ್ದೆ. ಅವನ್ನು ಬಿಟ್ಟರೆ ಬೇರೇನೂ ಯೋಚನೆ ಮಾಡಿರಲಿಲ್ಲ.

ಎರಡನೇ ದಿನಕ್ಕೆ ಡಬ್ಬ ಖಾಲಿ. ಮೂರನೇ ದಿನ ಮೊಬೈಲಿಗಾಗಿ ಜಗಳ, ಅಳು. ನನಗೆ ಮೂರು ಹೊತ್ತೂ ಒಲೆ ಮುಂದೆ ನಿಂತು ಮಂಡಿ ಊದಿಕೊಂಡಿತು. ನಾಲ್ಕನೇ ದಿನ ಮಧ್ಯಾಹ್ನ ಸ್ವಲ್ಪ ಒರಗಿದ್ದೆ. ಎದ್ದು ನೋಡಿದರೆ ಇಬ್ಬರು ಗಂಡುಹುಡುಗರು ಇಲ್ಲ. ಕೂಗಿಕೊಂಡು ಹೋದೆವು. ಪಕ್ಕದ ತೋಟದ ಕೃಷಿ ಹೊಂಡದ ದಡದಲ್ಲಿ ಎರಡು ಜೊತೆ ಚಪ್ಪಲಿ ಕಂಡಿತು.

ಅಕ್ಕಾ, ಆ ಎರಡು ನಿಮಿಷ ನನಗೆ ಹೇಗಾಯ್ತು ಅಂತ ನಾನು ಹೇಳಲಾರೆ. ದೇವರು ದೊಡ್ಡವನು. ಹುಡುಗರು ಆಚೆ ಹೊಂಗೆ ಮರದ ಕೆಳಗೆ ಇದ್ದರು. ನೀರಿಗೆ ಇಳಿಯಬೇಕು ಅಂತ ಚಪ್ಪಲಿ ಬಿಟ್ಟಿದ್ದರಂತೆ, ಅಷ್ಟರಲ್ಲಿ ಓತಿಕ್ಯಾತ ಕಂಡು ಅದರ ಹಿಂದೆ ಓಡಿದ್ದಾರೆ. ಓತಿಕ್ಯಾತ ಉಳಿಸಿತು, ಅಜ್ಜಿ ಉಳಿಸಲಿಲ್ಲ.

ವಿಷಯ ಗೊತ್ತಾಗಿ ಮಾರನೇ ದಿನವೇ ಮಗ ಬಂದು ಮಕ್ಕಳನ್ನು ಕರಕೊಂಡು ಹೋದ. ಬೈಯಲಿಲ್ಲ. “ಬೇಡಮ್ಮ, ಇನ್ನು ನಿನ್ನ ಕೈಲಿ ಆಗಲ್ಲ” ಅಂದ. ಬೈದಿದ್ದರೇ ಚೆನ್ನಾಗಿತ್ತು. ದಸರಾ ರಜಕ್ಕೂ ಮಕ್ಕಳನ್ನು ಕಳಿಸಲಿಲ್ಲ.

ಸಂಘದಲ್ಲಿ ಬಾಯಿ ಬಿಟ್ಟಾಗ

ಒಂದು ದಿನ ವಾರದ ಸಭೆಯಲ್ಲಿ ಇದನ್ನು ಹೇಳಿಕೊಂಡು ಅತ್ತೆ. ಸಮಾಧಾನ ಮಾಡ್ತಾರೆ ಅಂದುಕೊಂಡಿದ್ದೆ. ಆದರೆ ಒಬ್ಬೊಬ್ಬರೂ ಅವರವರ ಮನೆ ಕಥೆ ತೆಗೆದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ನಾಲ್ಕು ಮೊಮ್ಮಕ್ಕಳು. ಇನ್ನೊಬ್ಬರು ಮಕ್ಕಳು ಬರ್ತಾವೆ ಅಂತ ಒಂದೂವರೆ ತಿಂಗಳು ಕೂಲಿಗೇ ಹೋಗಿರಲಿಲ್ಲ. ಒಬ್ಬರ ಮೊಮ್ಮಕ್ಕಳು ಬರೋದೇ ಇಲ್ಲ. “ಹಳ್ಳೀಲಿ ಬೋರು” ಅಂತಾವಂತೆ.

ಆಗ ನಮ್ಮ ಪ್ರತಿನಿಧಿ ಒಂದು ಮಾತು ಹೇಳಿದರು. “ಒಬ್ಬೊಬ್ಬರೇ ಉಳಿಸಲಿಕ್ಕೆ ಆಗಲ್ಲ ಅಂತ ತಾನೇ ಸಂಘ ಕಟ್ಟಿದ್ದು? ಮಕ್ಕಳನ್ನು ನೋಡಿಕೊಳ್ಳೋದನ್ನು ಮಾತ್ರ ಯಾಕೆ ಒಬ್ಬೊಬ್ಬರೇ ಹೊರಬೇಕು?”

ಅಲ್ಲಿಂದ ಶುರುವಾಯಿತು. 2024ರ ಏಪ್ರಿಲ್‌ನಲ್ಲಿ ಐದು ಮನೆಯ ಅಜ್ಜಿಯರು, ಮೂವರು ತಾತಂದಿರು, 14 ಮಕ್ಕಳು, 12 ದಿನ. ಇದೇ ನಮ್ಮ ಬೇಸಿಗೆ ಶಿಬಿರ. ನನ್ನ ಮಗನನ್ನು ಒಪ್ಪಿಸಲು ಮಾತ್ರ ಎರಡು ವಾರ ಬೇಕಾಯಿತು. ಯಾವ ಹೊತ್ತಿಗೆ ಯಾರು ಮಕ್ಕಳ ಜೊತೆ ಇರ್ತಾರೆ ಅಂತ ಹಾಳೆಯಲ್ಲಿ ಬರೆದು ಕಳಿಸಿದ ಮೇಲೆ ಒಪ್ಪಿದ.

ಹೇಗೆ ನಡೆಸಿದೆವು

ರಾತ್ರಿ ಮಲಗೋದು, ರಾತ್ರಿ ಊಟ, ಬೆಳಗಿನ ತಿಂಡಿ ಅವರವರ ಅಜ್ಜಿ ಮನೆಯಲ್ಲಿ. ಮಧ್ಯಾಹ್ನದ ಊಟ ಮತ್ತು ಸಂಜೆ ತಿನ್ನೋದು ಮಾತ್ರ ಒಟ್ಟಿಗೆ, ದಿನಕ್ಕೊಂದು ಮನೆಯಲ್ಲಿ. ಹೀಗೆ ಒಬ್ಬ ಅಜ್ಜಿಗೆ ದೊಡ್ಡ ಅಡಿಗೆ ಬರೋದು ಐದು ದಿನಕ್ಕೊಮ್ಮೆ. ಅಡಿಗೆ ಇಲ್ಲದ ಅಜ್ಜಿಯರಲ್ಲಿ ಇಬ್ಬರು ಮಕ್ಕಳ ಜೊತೆ, ಉಳಿದವರು ತಮ್ಮ ಕೆಲಸಕ್ಕೆ. ಮಂಡಿ ನೋವಿರುವವರು ಕತೆ ಹೇಳಿದರೆ ಸಾಕು, ಓಡಬೇಕಾಗಿಲ್ಲ.

ಬೆಳಿಗ್ಗೆ ತಂಪು ಹೊತ್ತಿನಲ್ಲಿ ತೋಟ. ತಾತಂದಿರು ತೆಂಗಿನ ಗರಿಯಲ್ಲಿ ಪೀಪಿ, ಗಿರಿಗಿಟ್ಲೆ ಮಾಡೋದು ಕಲಿಸಿದರು. ಸೋಗೆ ಕಡ್ಡಿ ಸೀಳಿ ಪೊರಕೆ ಕಟ್ಟೋದು ಕಲಿಸಿದರು. ಆಮೇಲೆ ಪಂಚಾಯಿತಿ ಗ್ರಂಥಾಲಯ. ಈಗ ಅದನ್ನು ಅರಿವು ಕೇಂದ್ರ ಅಂತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಹಳ್ಳಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ.

ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಅಳಗುಳಿ ಮಣೆ, ಚೌಕಾಬಾರ, ಕತೆ, ಹಾಡು. ಸಂಜೆ ಲಗೋರಿ, ಕುಂಟೆಬಿಲ್ಲೆ. ಮೊಬೈಲ್ ಸಂಜೆ ಒಂದು ಸಲ, ಅಪ್ಪ ಅಮ್ಮನ ಹತ್ತಿರ ಮಾತಾಡಲಿಕ್ಕೆ. ಮೊದಲ ಎರಡು ದಿನ ಮಕ್ಕಳು ಮುಖ ಊದಿಸಿಕೊಂಡಿದ್ದು ನಿಜ. ಮೂರನೇ ದಿನಕ್ಕೆ ಮೊಬೈಲ್ ಕೇಳೋದನ್ನು ಮರೆತರು ಅಂತ ನಾನು ಸುಳ್ಳು ಹೇಳಲ್ಲ. ಕೇಳೋದು ಕಡಿಮೆ ಮಾಡಿದರು.

ಒಬ್ಬ ತಾತ ಮಕ್ಕಳ ಕೈಲಿ ನಾಟಕ ಆಡಿಸಿದರು. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು, ಗುಬ್ಬಿ ವೀರಣ್ಣನವರು ಸಣ್ಣ ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿದ್ದು, ಮುಂದೆ ಡಾ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರಾಗಿದ್ದದ್ದು, ಎಲ್ಲವನ್ನೂ ಹೇಳಿದರು. ಮಕ್ಕಳಿಗೆ ನಮ್ಮೂರು ಅಂದರೆ ಬರೀ ಬಸ್ ಸ್ಟ್ಯಾಂಡ್ ಆಗಿತ್ತು. ಆವತ್ತಿನಿಂದ ಅದಕ್ಕೊಂದು ಹೆಸರು ಬಂತು.

ಚೇಳೂರಿನ ಸಿದ್ದು ಹಲಸಿನ ಕತೆಯನ್ನೂ ಹೇಳಿದೆವು. ನಮ್ಮ ಗುಬ್ಬಿ ತಾಲ್ಲೂಕಿನದೇ. ರೈತರೊಬ್ಬರ ತಂದೆ ಹಿಂದೆ ಯಾವಾಗಲೋ ನೆಟ್ಟ ಮರ. ತೊಳೆ ತಾಮ್ರದ ಹಾಗೆ ಕೆಂಪು. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನು ವಿಶೇಷ ತಳಿ ಅಂತ ಗುರುತಿಸಿದರು. ಮರ ನೆಟ್ಟ ಸಿದ್ದಪ್ಪನವರ ಹೆಸರಿನಲ್ಲೇ ‘ಸಿದ್ದು’ ಅಂತ ಕರೆದರು. ಕಸಿ ಸಸಿಗಳಿಂದ ಆ ಕುಟುಂಬಕ್ಕೆ ಆದಾಯವೂ ಬಂತು. ತಾತ ನೆಟ್ಟಿದ್ದು ಮೊಮ್ಮಕ್ಕಳ ಕಾಲಕ್ಕೆ ಏನಾಗುತ್ತೆ ಅಂತ ತಾತನಿಗೇ ಗೊತ್ತಿರಲ್ಲ.

ಹುಣಸೆ ಬೀಜದ ಸಂಘ

ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಮಕ್ಕಳ ಸಂಘ. ನಾವು ಮಾಡುವ ಹಾಗೇ ಮಾಡಿಸಿದೆವು. ದುಡ್ಡಿಗೆ ಬದಲು ಹುಣಸೆ ಬೀಜ. ಒಬ್ಬೊಬ್ಬರಿಗೂ 20 ಬೀಜ ಬಂಡವಾಳ. ದಿನಾ ಎರಡು ಬೀಜ ಉಳಿತಾಯ. ಅಧ್ಯಕ್ಷೆ ಎಂಟು ವರ್ಷದ ಹುಡುಗಿ, ಲೆಕ್ಕ ಬರೆಯೋನು ನನ್ನ ಮಗನ ಮಗ, ಏಳನೇ ತರಗತಿ. ಹಾಜರಾತಿ, ನಡಾವಳಿ, ತಡವಾಗಿ ಬಂದರೆ ಒಂದು ಬೀಜ ದಂಡ.

ಐದನೇ ದಿನ ಒಂದು ಹುಡುಗಿ ಗಾಳಿಪಟದ ಕಾಗದಕ್ಕೆ ಹತ್ತು ಬೀಜ ಸಾಲ ಕೇಳಿತು. ಬಡ್ಡಿ ಎಷ್ಟು ಅಂತ ಚರ್ಚೆ ಆಯಿತು. ಒಬ್ಬ ಹತ್ತಕ್ಕೆ ಐದು ಅಂದ. ಆಗ ನನ್ನ ಮೊಮ್ಮಗ ಕೇಳಿದ, “ಅಜ್ಜೀ, ನಿನ್ನ ಸಂಘದಲ್ಲಿ ಎಷ್ಟು? ನೀನು ಮೊದಲು ಸಾಲ ತಗೊಂಡಿದ್ದು ಯಾಕೆ?”

ನಾನು ಒಳಗೆ ಹೋಗಿ ಟ್ರಂಕಿನಿಂದ ಹಳೇ ಪಾಸ್ ಪುಸ್ತಕ ತಂದೆ. 2003. ಸಾಲ 1500 ರೂಪಾಯಿ. “ನಿಮ್ಮಪ್ಪನ ಪಿಯುಸಿ ಫೀಸಿಗೆ ನನ್ನ ಓಲೆ ಅಡ ಇಟ್ಟಿದ್ದೆ ಕಣೋ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಸಂಘದಲ್ಲಿ ನೂರಕ್ಕೆ ಎರಡರ ಹಾಗೆ ಸಾಲ ತಗೊಂಡು ಓಲೆ ಬಿಡಿಸಿದೆ” ಅಂದೆ. ಹುಡುಗ ಪೆನ್ಸಿಲ್ ತಗೊಂಡು ಲೆಕ್ಕ ಹಾಕಿದ. ಅಲ್ಲಿ ತಿಂಗಳಿಗೆ 75, ಇಲ್ಲಿ 30. “ತಿಂಗಳಿಗೆ 45 ರೂಪಾಯಿ ಉಳೀತು ಅಜ್ಜಿ” ಅಂದ. ಇಪ್ಪತ್ತು ವರ್ಷದ ನನ್ನ ಕಷ್ಟವನ್ನು ಮಗು ಒಂದೇ ಗಳಿಗೆಯಲ್ಲಿ ಲೆಕ್ಕ ಮಾಡಿ ಹೇಳಿತು.

ಆವತ್ತು ಸಂಜೆ ಫೋನಿನಲ್ಲಿ ಅವನು ಅಪ್ಪನಿಗೆ ಹೇಳಿದ್ದಾನೆ. ರಾತ್ರಿ ಹತ್ತು ಗಂಟೆಗೆ ಮಗ ಫೋನ್ ಮಾಡಿದ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅಮ್ಮ, ಓಲೆ ವಿಷಯ ನನಗೆ ಗೊತ್ತೇ ಇರಲಿಲ್ಲವಲ್ಲ” ಅಂದ. ನಾನು ಯಾವತ್ತೂ ಹೇಳಿರಲಿಲ್ಲ. ಮಕ್ಕಳಿಗೆ ಭಾರ ಆಗಬಾರದು ಅಂತ ನಾವು ಎಷ್ಟೋ ಮುಚ್ಚಿಡ್ತೀವಿ. ಆದರೆ ನಾವು ಹೇಳದೇ ಹೋದರೆ ನಮ್ಮ ಸಂಸಾರ ಹೇಗೆ ನಿಂತಿತು ಅಂತ ಅವರಿಗೆ ಯಾರು ಹೇಳ್ತಾರೆ? ಕೊನೇ ಎರಡು ದಿನ ಮಗ ರಜಾ ಹಾಕಿ ಬಂದು, ಮಕ್ಕಳ ಜೊತೆ ನಿಂತು ತಟ್ಟೆ ತೊಳೆದ.

ಖರ್ಚಿನ ಲೆಕ್ಕ

ಮಕ್ಕಳ ತಂದೆ ತಾಯಿಯರಿಂದ ಮಗುವಿಗೆ 300 ರೂಪಾಯಿ ತಗೊಂಡೆವು. ಒಟ್ಟು 4200. ರಾಗಿ, ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ನಮ್ಮ ಮನೆಗಳದು. ಹಾಲು, ಮೊಟ್ಟೆ, ತರಕಾರಿ, ಎಣ್ಣೆಗೆ 2650. ಪುಸ್ತಕ, ಪೆನ್ಸಿಲ್, ಬಣ್ಣದ ಕಾಗದಕ್ಕೆ 350. ಕುಣಿಗಲ್ ಕೆರೆ ನೋಡಲಿಕ್ಕೆ ಹೋದ ದಿನ ಬಸ್ಸು, ತಿಂಡಿಗೆ 700. ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಶಕ್ತಿ ಯೋಜನೆಯ ಟಿಕೆಟ್ ಇದ್ದದ್ದರಿಂದ ಅಷ್ಟರಲ್ಲಿ ಮುಗಿಯಿತು. ಉಳಿದದ್ದು 500. ಅದಕ್ಕೆ ಹಲಸು, ನೇರಳೆ ಸಸಿ ತಂದು ಮಳೆ ಬಿದ್ದ ಮೇಲೆ ನೆಟ್ಟೆವು.

“ಮೊಮ್ಮಕ್ಕಳ ಊಟಕ್ಕೆ ದುಡ್ಡು ತಗೊಳ್ಳೋದಾ?” ಅಂತ ಕೆಲವರು ಮೂಗೆಳೆದರು. ಅಕ್ಕಾ, ಅಜ್ಜಿಯ ಪ್ರೀತಿಗೆ ಬೆಲೆ ಕಟ್ಟಲಿಲ್ಲ. ಹಾಲಿಗೆ, ಎಣ್ಣೆಗೆ ಬೆಲೆ ಕಟ್ಟಿದೆವು. ವಿಧವಾ ವೇತನದಲ್ಲಿ ಬದುಕುವ ಅಜ್ಜಿ ಸಾಲ ಮಾಡಿ ಮೊಮ್ಮಕ್ಕಳಿಗೆ ಬಡಿಸಬಾರದು.

ಎರಡು ಕಷ್ಟದ ಮಾತು

ಒಂದು. ಮೊದಲ ದಿನ ಊಟ ಆದ ಮೇಲೆ ಹೆಣ್ಣುಮಕ್ಕಳು ತಟ್ಟೆ ಎತ್ತಿದರು, ಗಂಡುಮಕ್ಕಳು ಆಡಲು ಓಡಿದರು. ಯಾರೂ ಹೇಳಿಕೊಟ್ಟಿದ್ದಲ್ಲ, ನಮ್ಮನ್ನು ನೋಡಿ ಕಲಿತದ್ದು. ಮಾರನೇ ದಿನದಿಂದ ಅವರವರ ತಟ್ಟೆ ಅವರವರೇ ತೊಳೆಯೋದು, ಗುಡಿಸೋದು ಸರದಿ ಪ್ರಕಾರ ಅಂತ ಮಕ್ಕಳ ಸಂಘದಲ್ಲೇ ತೀರ್ಮಾನ ಮಾಡಿಸಿದೆವು.

ಎರಡು. ನಮ್ಮಲ್ಲಿ ಒಬ್ಬರು ಅಜ್ಜಿ, ಇನ್ನೊಬ್ಬರ ಮನೆ ಸರದಿ ಬಂದಾಗ ಮೊಮ್ಮಗನಿಗೆ ಮನೆಯಿಂದಲೇ ಡಬ್ಬಿ ಕಟ್ಟಿದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಂಘದಲ್ಲಿ ಒಟ್ಟಿಗೆ ಕೂತು ಇಪ್ಪತ್ತು ವರ್ಷ ಟೀ ಕುಡಿದಿದ್ದೇವೆ, ಆದರೂ ಒಬ್ಬರ ಅಡಿಗೆ ಮನೆ ಇನ್ನೊಬ್ಬರಿಗೆ ದೂರವೇ ಇತ್ತು. ಮಗು ಮಾತ್ರ ಡಬ್ಬಿ ಮುಚ್ಚಿಟ್ಟು ಸಾಲಿನಲ್ಲಿ ಕೂತು, “ನನಗೂ ಹಲಸಿನ ಬೀಜದ ಸಾರು” ಅಂತ ತಟ್ಟೆ ಒಡ್ಡಿತು. ಮುಂದಿನ ಸರದಿಗೆ ಡಬ್ಬಿ ಬರಲಿಲ್ಲ. ಅದನ್ನು ನಾವು ನಡಾವಳಿಯಲ್ಲಿ ಬರೆಯಲಿಲ್ಲ. ಆದರೆ ಆ ಶಿಬಿರದಲ್ಲಿ ದೊಡ್ಡವರು ಕಲಿತ ಪಾಠ ಅದೇ.

ಜೋಪಾನದ ಮಾತು

ಇದನ್ನು ದಯವಿಟ್ಟು ಬರೆದುಕೊಳ್ಳಿ. ಕೆರೆ, ಬಾವಿ, ಕೃಷಿ ಹೊಂಡ ಎಲ್ಲಿವೆ ಅಂತ ಮೊದಲ ದಿನವೇ ಮಕ್ಕಳಿಗೆ ತೋರಿಸಿ, ದೊಡ್ಡವರಿಲ್ಲದೆ ಹತ್ತಿರ ಹೋಗಬಾರದು ಅಂತ ಹೇಳಿ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಜಾರಿದರೆ ಈಜು ಬಲ್ಲವರಿಗೂ ಹತ್ತಿ ಬರೋದು ಕಷ್ಟ. ಹೊಂಡದ ಸುತ್ತ ಬೇಲಿ ಹಾಕಿಸಿ. ಗಂಟು ಹಾಕಿದ ಹಗ್ಗ ಮತ್ತು ಗಾಳಿ ತುಂಬಿದ ಹಳೇ ಟ್ಯೂಬು ದಡದ ಮರಕ್ಕೆ ಕಟ್ಟಿಡಿ. ಮಣ್ಣು ತೆಗೆದ ಕೆರೆಯಲ್ಲಿ ಮೇಲೆ ಕಾಣದ ಗುಂಡಿಗಳಿರ್ತಾವೆ.

ಯಾವ ಹೊತ್ತಿನಲ್ಲೂ ಮಕ್ಕಳ ಜೊತೆ ಇಬ್ಬರು ದೊಡ್ಡವರಿರಲಿ, ಒಬ್ಬರೇ ಬೇಡ. ಯಾರಾದರೂ ಮೈ ಮುಟ್ಟಿ ಹಿಂಸೆ ಆದರೆ ಅಜ್ಜಿಗೆ ಹೇಳಬೇಕು, ಅಜ್ಜಿ ನಂಬ್ತಾಳೆ ಅಂತ ಮಕ್ಕಳಿಗೆ ಧೈರ್ಯ ಕೊಡಿ. ಸಂಬಂಧಿಕರು ಅಂತ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098.

ವಾಂತಿ ಭೇದಿ ಆದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ ಅಳತೆ, ಕದಡಿ ಸ್ವಲ್ಪ ಸ್ವಲ್ಪ ಕುಡಿಸುತ್ತಾ ಆಸ್ಪತ್ರೆಗೆ ತೋರಿಸಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಚುಚ್ಚುಮದ್ದು ಹಾಕಿಸಿ. ಹಾವು ಕಚ್ಚಿದರೆ ಬಿಗಿದು ಕಟ್ಟೋದು, ಕೊಯ್ಯೋದು, ನಾಟಿ ಮದ್ದು ಬೇಡ. ಮಗುವನ್ನು ಓಡಾಡಿಸದೆ 108 ಕರೆದು ಸರ್ಕಾರಿ ಆಸ್ಪತ್ರೆಗೆ ಸಾಗಿಸಿ.

ಪಟ್ಟಣದವರು ಏನು ಮಾಡಬೇಕು?

ತುಮಕೂರಿನ ಅಕ್ಕಂದಿರು ಕೇಳಬಹುದು, “ನಿಮಗೇನಮ್ಮ ತೋಟ ಇದೆ, ನಮ್ಮದು ಹತ್ತಡಿ ಕೋಣೆ” ಅಂತ. ನಿಮ್ಮಲ್ಲೇ ಅಜ್ಜಿಯರಿದ್ದಾರೆ. ಬೆಳಿಗ್ಗೆ ಎರಡು ಗಂಟೆ ಪಾರ್ಕಿನ ನೆರಳು ಸಾಕು. ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿದರೆ ಒಂದು ಕೊಠಡಿ ಸಿಗಬಹುದು. ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ನಾಲ್ಕು ತಾಯಂದಿರ ಕೂಲಿ ಉಳಿಯುತ್ತದೆ. ಕುಣಿಗಲ್ಲಿನಲ್ಲಿ ನನ್ನ ವಾರಗಿತ್ತಿ 2025ರಲ್ಲಿ ಮೂರೇ ಮನೆ ಸೇರಿಸಿಕೊಂಡು ಒಂದು ವಾರ ನಡೆಸಿದಳು. ಹಗಲು ಅಡಿಗೆ, ಸಂಜೆ ಕುಣಿಗಲ್ ಕೆರೆ ಹಾಡು ಕಲಿಸೋದು. ಅಷ್ಟೇ. ಅದೂ ಶಿಬಿರವೇ.

ಇನ್ನೊಂದು ಮಾತು. ಕೈಲಾಗದ ಅಜ್ಜಿಯರು “ಈ ವರ್ಷ ಆಗಲ್ಲ” ಅಂತ ಬಾಯಿ ಬಿಟ್ಟು ಹೇಳಬೇಕು. ಹಾಗೆ ಹೇಳಿದರೆ ಪ್ರೀತಿ ಇಲ್ಲ ಅಂತಲ್ಲ. ಅಂಥವರ ಮೊಮ್ಮಕ್ಕಳನ್ನು ಪಕ್ಕದ ಮನೆ ಅಜ್ಜಿ ಕರೆದುಕೊಳ್ಳಲಿ. ಸಂಘ ಇರೋದು ಅದಕ್ಕೇ.

ಯೇಸುಸ್ವಾಮಿಯ ಅಜ್ಜ ಅಜ್ಜಿ, ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ. ಅದರ ಹತ್ತಿರದ ಜುಲೈ ನಾಲ್ಕನೇ ಭಾನುವಾರವನ್ನು ಆಗಿನ ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನ ಅಂತ ಮಾಡಿದರು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಅಜ್ಜಿಯರು ಎಲ್ಲ ಧರ್ಮದಲ್ಲೂ ಇದ್ದಾರೆ. ಆ ದಿನ ನಮಗೆ ಶಾಲು ಹೊದಿಸಬೇಡಿ. ಮುಂದಿನ ಬೇಸಿಗೆಗೆ ಯಾವ ಐದು ಮನೆ ಸೇರುತ್ತವೆ ಅಂತ ಕೂತು ಮಾತಾಡೋಣ.

ನಿಮ್ಮ ಮುಂದಿನ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಷ್ಟು ಮಕ್ಕಳು, ಯಾವ ಮನೆ, ಯಾರ ಸರದಿ, ಹೊಂಡಕ್ಕೆ ಬೇಲಿ ಯಾವಾಗ. ಬರೆದರೆ ಕೆಲಸ ಆಗುತ್ತೆ, ಇದು ನಮಗೆ ಸಂಘ ಕಲಿಸಿದ ಪಾಠ.

ನನ್ನ ಮೊಮ್ಮಗ ಊರಿಗೆ ಹೋಗುವಾಗ ಮಕ್ಕಳ ಸಂಘದ ಲೆಕ್ಕದ ಪುಸ್ತಕವನ್ನು ನನ್ನ ಟ್ರಂಕಿನಲ್ಲಿ, ನನ್ನ ಪಾಸ್ ಪುಸ್ತಕದ ಮೇಲೆ ಇಟ್ಟು ಹೋದ. “ಅಜ್ಜಿ, ಮೂರು ಜನ ಸಾಲ ಬಾಕಿ ಇದ್ದಾರೆ, ಮುಂದಿನ ವರ್ಷ ವಸೂಲಿ” ಅಂದ. ಆ ಬಾಕಿ ವಸೂಲಿಗೆ ಅಂತಲೇ ಮರುವರ್ಷವೂ ಬಂದ.